ಬತ್ತಿದ ಬಾವಿಯಲ್ಲಿ ಕುಂಗ್‌ಫೂ

ಸರಪಳಿಯ ಸದ್ದು ಕೇಳಿದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಎದೆಗೆ ಹೋಗುತ್ತದೆ. ಯಾರೋ ಅಂಗಡಿಯ ಬಾಗಿಲಿಗೆ ಸರಪಳಿ ಬಿಗಿಯುತ್ತಿರಲಿ, ಪಕ್ಕದ ಮನೆಯ ನಾಯಿ ಎಳೆದಾಡುತ್ತಿರಲಿ, ನಾನು ಕೊರಳಿನ ಕರಡಿಗೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ. ಅದು ಕೈಗೆ ತಾಗಿ ಎದೆಬಡಿತ ಇಳಿದ ಮೇಲೆ ಕಣ್ಣ ಮುಂದೆ ಬರುವುದು ಗಡಿಯಾಚೆ ಮಹಾರಾಷ್ಟ್ರದ ಕಾಸಾರಶಿರಸಿಯ ನಮ್ಮ ವಾಡೆ, ಅದರ ಹಿತ್ತಲ ಬಾವಿ, ಬಾವಿಯ ತಳದಲ್ಲಿ ಬನಿಯನ್ ಹಾಕಿಕೊಂಡು ಗಾಳಿಗೆ ಒದೆಯುತ್ತಿದ್ದ ನನ್ನ ಶಿವರಾಜ ಕಾಕಾ. ಆ ವಾಡೆ ಈಗಿಲ್ಲ. ನಿಮಗೂ ಇಂಥದೊಂದು ಮನೆ ಇದ್ದು ಹೋಗಿದ್ದರೆ, ಹೆಚ್ಚು ಹೇಳಬೇಕಾಗಿಲ್ಲ.

ಕಾಕಾ ಅಪ್ಪನ ಕೊನೆಯ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಅಪ್ಪನ ಕಿರಾಣಿ ಅಂಗಡಿಗೆ ಬೇಕಾದ ಬೇಳೆಕಾಳು ತರಲು ಉದಗೀರದ ಅಡತಿಗೆ, ಸಗಟು ಪೇಟೆಗೆ, ಹೋಗುವುದು ಅವನ ಕೆಲಸ. ಹೋದವನು ಮಾಲನ್ನು ಲಾರಿಗೆ ಹೇರಿಸಿ, ತಾನು ಮಾತ್ರ ಟಾಕೀಸಿಗೆ ನುಗ್ಗುತ್ತಿದ್ದ. ಅಲ್ಲಿ ಕುಂಗ್‌ಫೂ ಸಿನಿಮಾ. ಸಂಜೆಯ ಬಸ್ಸಿಗೆ ವಾಪಸಾದವನ ಕಣ್ಣೇ ಬೇರೆ. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು, ಪಡಸಾಲೆಯಲ್ಲಿ ಇಡೀ ಸಿನಿಮಾ ಶುರುಮಾಡುತ್ತಿದ್ದ. ಅದರ ಭಾಷೆ ಅವನಿಗೂ ತಿಳಿದಿರುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ನಮ್ಮ ಮಾತನ್ನೇ ಕೊಟ್ಟುಬಿಡುತ್ತಿದ್ದ. ಬಿಳಿ ಗಡ್ಡದ ಗುರು ನಮ್ಮ ಮಠದ ಅಯ್ಯನವರ ದನಿಯಲ್ಲಿ ಕೆಮ್ಮುತ್ತಿದ್ದ. ಖಳ ಹುಬ್ಬು ಗಂಟಿಕ್ಕಿ, "ನಿಮ್ಮ ಗುರೂಗ ಹೊಡದಂವಾ ನಾನೇ, ಏನ್ ಮಾಡ್ಕೋತಿ ಮಾಡ್ಕೋ" ಎನ್ನುತ್ತಿದ್ದ. ಹುಟ್ಟಾ ಪುಕ್ಕಲಿಯಾದ ನಾನು ಆಯಿಯ ಸೆರಗಿನೊಳಗೆ ತಲೆ ತೂರಿಸಿ ಒಂದೇ ಕಣ್ಣಿನಿಂದ ನೋಡುತ್ತಿದ್ದೆ. ಆಯಿ ಎಂದರೆ ಅಪ್ಪನ ತಾಯಿ, ವಾಡೆಯಲ್ಲಿ ಆಕೆಯ ಮಾತಿಗೆ ಎದುರಿರಲಿಲ್ಲ. ಶಿಷ್ಯನೊಬ್ಬ ಎರಡು ಕೈಯಲ್ಲಿ ಕೊಡ ಹಿಡಿದು ಬೆಟ್ಟಕ್ಕೆ ನೀರು ಹೊತ್ತು ಹೊತ್ತೇ ಗೋಡೆ ಹಾರುವಷ್ಟು ಬಲವಂತನಾದನೆಂದು ಕಾಕಾ ಹೇಳಿದ ದಿನ ಆಕೆ ಬಿದ್ದು ಬಿದ್ದು ನಕ್ಕಿದ್ದಳು. "ನಾವೂ ದಿನಾ ನೀರ ಹೊರ್ತೀವಿ, ನಮಗ್ಯಾಕ ಹಾರಾಕ ಬರಲ್ದೋ ಶಿವ್ಯಾ?"

ಅದು ತಮಾಷೆಯಾಗಿದ್ದರೂ ನೀರು ಹೊರುವುದು ನಿಜವಾಗಿತ್ತು. ಬರ ಬಿದ್ದು ಎರಡನೆಯ ವರ್ಷ. ನಮ್ಮ ಬಾವಿ ಓಣಿಗೆಲ್ಲ ನೀರು ಕೊಟ್ಟ ಬಾವಿ, ಅದೂ ಬತ್ತಿತ್ತು. ನೀರಿದ್ದಾಗ ಕಾಣದಿದ್ದುದೆಲ್ಲ ಈಗ ಕಾಣುತ್ತಿತ್ತು: ಅರ್ಧಕ್ಕೇ ನಿಂತುಹೋದ ಮೆಟ್ಟಿಲು, ಅದರ ಕೆಳಗೆ ಕಾಲಿಡಲು ಕಲ್ಲಿನಲ್ಲಿ ಕೊರೆದ ಗೂಡು, ಗೂಡಿನಲ್ಲಿ ಹಾವಿನ ಪೊರೆ, ತಳದಲ್ಲಿ ಬಿರುಕುಬಿಟ್ಟ ಹೂಳು. ನಾನು ಆ ಕಡೆ ಹೋಗಲು ನಡುಗುತ್ತಿದ್ದೆ. ಕಾಕಾನಿಗೋ ಅದು ದೇವರೇ ಕೊಟ್ಟ ಅಖಾಡ. ಬಿದ್ದರೆ ಪೆಟ್ಟಾಗದ ಮೆತ್ತನೆಯ ಹೂಳು, ನೋಡಿ ನಗುವವರಿಲ್ಲ, "ಹೂ... ಹಾ!" ಎಂದರೆ ಸುತ್ತಲ ಕಲ್ಲೇ ತಿರುಗಿ ಹತ್ತು ಮಂದಿಯಂತೆ ಕೂಗುತ್ತಿತ್ತು. ಮುರಿದ ಸಲಿಕೆಯ ಹಿಡಿಯನ್ನು ಎರಡು ತುಂಡು ಮಾಡಿ, ಕೆಲಸವಿಲ್ಲದೆ ಬಿದ್ದಿದ್ದ ಬಾವಿಯ ಹಗ್ಗದ ತುದಿಯ ಸರಪಳಿ ಬಿಚ್ಚಿ, ಎರಡನ್ನೂ ಜೋಡಿಸಿ ಸಿನಿಮಾದಲ್ಲಿದ್ದಂಥದೇ ಆಯುಧ ಮಾಡಿಕೊಂಡಿದ್ದ. ಅದು ಕಂಕುಳಿನಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಝಣಝಣ ಹರಿದಾಡುತ್ತಿತ್ತು. ಯಾರಾದರೂ ನೋಡಲೇಬೇಕಲ್ಲ, ಅದಕ್ಕೆ ನನ್ನನ್ನು ಪುಸಲಾಯಿಸಿ ಕೊನೆಯ ಮೆಟ್ಟಿಲ ಮೇಲೆ ಕೂರಿಸುತ್ತಿದ್ದ. ನಾನು ಹಾವು ಬರುತ್ತದೆಂದು ಕಾಲು ಮೇಲೆತ್ತಿಕೊಂಡು ಕೂರುತ್ತಿದ್ದೆ.

ಆ ದಿನ ಬೆಳಿಗ್ಗೆ ಸರಪಳಿ ಜೋರಾಗಿ ತಿರುಗಿ ಅವನ ಕೊರಳಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಜಗ್ಗಿದ. ಕರಡಿಗೆ ಕಟ್ಟಿದ್ದ ಶಿವದಾರ ಹರಿಯಿತು. ಬೆಳ್ಳಿಯದು ಏನೋ ಬಿಸಿಲಿಗೆ ಒಮ್ಮೆ ಮಿಂಚಿ, ಹೂಳಿನ ಬಿರುಕೊಂದರೊಳಗೆ ಸದ್ದಿಲ್ಲದೆ ಇಳಿದುಹೋಯಿತು. ಕಾಕಾ ಬರಿದಾದ ಎದೆ ಮುಟ್ಟಿಕೊಂಡ. ಅವನ ಮುಖ ಹಾಗಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಮ್ಮಲ್ಲಿ ಲಿಂಗ ಮೈಬಿಟ್ಟು ಹೋಗಬಾರದು. ಹೊಳೆ ದಾಟುವಾಗ ಲಿಂಗ ಕಳೆದುಕೊಂಡ ನಮ್ಮ ಹಿರಿಯರೊಬ್ಬರು ದಂಡೆಯ ಮೇಲೆ ಹನಿ ನೀರೂ ಮುಟ್ಟದೆ ಕೂತು ಪ್ರಾಣ ಬಿಟ್ಟರೆಂದು ಆಯಿ ಎಷ್ಟೋ ಸಲ ಹೇಳಿದ್ದಳು. ನನಗೆ ಅದೊಂದೇ ನೆನಪಾಯಿತು. ಕಾಕಾ ಇನ್ನು ಸಾಯುತ್ತಾನೆ ಎಂದುಕೊಂಡೆ. ಅವನು ಮೊಣಕಾಲೂರಿ ಎರಡೂ ಕೈಯಿಂದ ಹೂಳು ಬಗೆಯತೊಡಗಿದ. ಮೇಲಿನ ಪದರು ಒಣಗಿತ್ತು, ಕೆಳಗೆಲ್ಲ ರಾಡಿ. ಬಗೆದಷ್ಟೂ ಅದು ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಟ್ಯಾಂಕರ್ ಬಂತು. ಬರಗಾಲದಲ್ಲಿ ನಮ್ಮ ಕಡೆ ಟ್ಯಾಂಕರಿನ ನೀರನ್ನು ಬಾವಿಗೇ ಸುರಿಯುತ್ತಿದ್ದರು. ಮಂದಿ ಬಾವಿಯಿಂದ ಸೇದಿಕೊಳ್ಳಬೇಕು. ಅದು ಬಂದು ಬಹಳ ದಿನವಾಗಿತ್ತು. ಓಣಿಗೆ ಓಣಿಯೇ ಕೊಡ ಹಿಡಿದು ಓಡಿ ಬಂತು. ಡ್ರೈವರ್ ಒಳಗೆ ಬಗ್ಗಿಯೂ ನೋಡದೆ ದಪ್ಪ ಪೈಪನ್ನು ಕಟ್ಟೆಯ ಮೇಲೆಸೆದು ನೀರು ಬಿಟ್ಟ. ನೀರು ನನ್ನ ಪಕ್ಕದಿಂದಲೇ ಹಾದು ಕಾಕಾನ ಬೆನ್ನ ಮೇಲೆ ಬಿತ್ತು. ಅವನು ಮುಖ ಅಡಿಯಾಗಿ ಬಿದ್ದ, ಎದ್ದ, ಕಾಲು ರಾಡಿಯಲ್ಲಿ ಹೂತು ಮತ್ತೆ ಬಿದ್ದ. ನನ್ನ ಬಾಯಿಂದ ಕೂಗು ಶಾಲೆಯ ಮರಾಠಿಯಲ್ಲಿ ಹೊರಟಿತು: "ಥಾಂಬಾ! ಥಾಂಬಾ! ಕಾಕಾ ಖಾಲೀ ಆಹೆ!" ನಿಲ್ಲಿಸಿ, ಕಾಕಾ ಕೆಳಗಿದ್ದಾನೆ ಎಂದು. ಡ್ರೈವರ್ ಗಾಬರಿಯಿಂದ ನೀರು ನಿಲ್ಲಿಸಿದ, ನಾನು ಮೆಟ್ಟಿಲೇರಿ ಕಟ್ಟೆಗೆ ಓಡಿ ಬಂದೆ. ಒಂದು ಟ್ಯಾಂಕರಿನ ನೀರಿಗೆ ಯಾರೂ ಮುಳುಗಿ ಸಾಯುವುದಿಲ್ಲವೆಂದು ಇವತ್ತು ನನಗೆ ಗೊತ್ತು. ಆ ಹೊತ್ತು ಗೊತ್ತಿರಲಿಲ್ಲ.

ಎಲ್ಲರೂ ಮೇಲೆ ಬಾ ಎಂದು ಕೂಗಿದರು. ಕಾಕಾ ಬರಲೊಲ್ಲ. ರಾಡಿಯಲ್ಲಿ ಕೈ ಆಡಿಸುತ್ತಲೇ ಇದ್ದ. ಲಿಂಗ ಬಿದ್ದದ್ದನ್ನು ನಾನೇ ಹೇಳಿದೆ. "ಲಿಂಗ ಅಲ್ಲೇನ್ರೀ, ಹುಡುಕಲಿ ಬಿಡ್ರಿ" ಎಂದಳು ಒಬ್ಬಳು. ಆಕೆಯ ಹಿಂದಿದ್ದವಳು ಕಂಕುಳ ಕೂಸನ್ನು ಸರಿಸಿಕೊಂಡು, "ಇದಕ್ಕ ನಿನ್ನೆಯಿಂದ ಜ್ವರ ಬಂದಾವ, ಮನ್ಯಾಗ ಹನಿ ನೀರಿಲ್ರೀ" ಎಂದು ಅಳತೊಡಗಿದಳು. ಡ್ರೈವರ್ ಗೊಣಗುತ್ತ ಪೈಪು ಸುತ್ತತೊಡಗಿದ, ಅವನು ಮುಂದಿನ ಊರಿಗೆ ಹೋಗಬೇಕಿತ್ತು. ಆಗ ಆಯಿ ಬಂದಳು. ಮಂದಿ ದಾರಿ ಬಿಟ್ಟರು. ಆಕೆ ಕಟ್ಟೆ ಹಿಡಿದು ಬಗ್ಗಿ ಕೆಳಗೆ ನೋಡಿದಳು. ಹೊಳೆಯ ದಂಡೆಯ ಕತೆ ಹೇಳಿದವಳು ಆಕೆಯೇ ತಾನೆ, ಅವನನ್ನು ಅಲ್ಲಿಯೇ ಬಿಡುತ್ತಾಳೆಂದು ನನಗೆ ಖಾತ್ರಿಯಾಗಿತ್ತು.

"ಶಿವ್ಯಾ, ಮ್ಯಾಲ ಬಾ."

"ಲಿಂಗ ಇಲ್ಲೇ ಅದ ಅವ್ವಾ. ಬಿಟ್ಟ ಹ್ಯಾಂಗ ಬರ್ಲಿ?"

"ಇರ್ಲಿ. ಓಣಿ ಮಂದೀದು ನೀರದಾಗ ಕುಂದ್ರತದ. ಅದಕ್ಕ ಇದರಕಿಂತ ಛಲೋ ಜಾಗಾ ಎಲ್ಲದ? ನೀ ಮ್ಯಾಲ ಬಾ, ಮಗಾ."

ಕಾಕಾ ಗೂಡುಗಳಲ್ಲಿ ಕಾಲಿಟ್ಟು, ಜಾರುತ್ತ, ನಡುಗುತ್ತ ಹತ್ತಿ ಬಂದ. ಆಯಿ ಡ್ರೈವರನತ್ತ ಕೈ ಮಾಡಿದಳು. ನೀರು ಮತ್ತೆ ಬಿತ್ತು. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಅದು ಪೂರ್ತಿ ಬಿದ್ದು ಮುಗಿಯುವವರೆಗೂ ಕೈಮುಗಿದುಕೊಂಡೇ ನಿಂತಿದ್ದಳು. ನೋಡನೋಡುತ್ತ ಹೆಂಗಸರೂ ಕೊಡ ಕೆಳಗಿಟ್ಟು ಕೈಮುಗಿದರು.

ಆ ದಿನವೆಲ್ಲ ಕಾಕಾ ಉಣ್ಣಲಿಲ್ಲ, ಆಯಿಯೂ ಉಣ್ಣಲಿಲ್ಲ. ನಾನು ಕಾಕಾನ ಪಕ್ಕದಲ್ಲೇ ಕೂತು ಅವನ ಹೊಟ್ಟೆ ಏರಿಳಿಯುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಮರುದಿನ ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟಿದರು. ಅವನು ರೊಟ್ಟಿ ಮುರಿದು ಬಾಯಿಗಿಟ್ಟ ಮೇಲೆಯೇ ನಾನು ಅತ್ತದ್ದು. ಸರಪಳಿ ತಿರುಗಿ ಬಾವಿಯ ಹಗ್ಗ ಸೇರಿತು. ಕಾಕಾ ಉದಗೀರದ ಟಾಕೀಸಿಗೆ ಹೋಗುವುದನ್ನು ಬಿಡಲಿಲ್ಲ, ಕತೆ ಹೇಳುವುದನ್ನೂ ಬಿಡಲಿಲ್ಲ. ಆದರೆ ಈಗ ಕೂತೇ ಹೇಳುತ್ತಿದ್ದ, ಒಂದು ಕೈ ಎದೆಯ ಮೇಲಿರುತ್ತಿತ್ತು. ಓಣಿಯವರು ಚಪ್ಪಲಿ ದೂರ ಬಿಟ್ಟು ನೀರು ಸೇದತೊಡಗಿದರು. ಮಳೆ ಬಂದು ಬಾವಿ ತುಂಬಿದ ಮೇಲೂ ಹಾಗೆಯೇ ನಡೆಯಿತು.

ಆಯಿ ಹೋದಳು. ಮನೆಮನೆಗೆ ನಲ್ಲಿ ಬಂದ ಮೇಲೆ ಬಾವಿಯ ಬಾಯಿಗೆ ಹಾಸುಗಲ್ಲು ಬಿತ್ತು, ವಾಡೆಯ ಜಾಗದಲ್ಲಿ ಅಂಗಡಿಗಳೆದ್ದವು. ಕಳೆದ ಬೇಸಿಗೆಯಲ್ಲಿ ಕಾಕಾನೂ ಹೋದ. ನಮ್ಮ ಪದ್ಧತಿಯಂತೆ ಆಳದ ಗುಣಿ ತೋಡಿ ಅವನನ್ನು ಅದರಲ್ಲಿ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟರು, ಎರಡನೆಯದು. ನಾನು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ತಳದ ಹಸಿಮಣ್ಣಿನಲ್ಲಿ ಕಾಕಾ ಸುಮ್ಮನೆ ಕೂತಿದ್ದ. ನನಗೆ ಅದೇ ಹಳೆಯ ಹೆದರಿಕೆ ಮೈತುಂಬ ಬಂತು, ಕೈ ಎದೆಗೆ ಹೋಯಿತು. ಮ್ಯಾಲ ಬಾ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿ ಅವನನ್ನು ಹತ್ತಿಸಿಕೊಳ್ಳಬಲ್ಲವಳು ಆಯಿ ಒಬ್ಬಳೇ. ಸುತ್ತ ನಿಂತ ಮಂದಿ ಪತ್ರಿ, ವಿಭೂತಿ ಹಾಕಿದರು, ಆಮೇಲೆ ಮಣ್ಣು ಹಾಕತೊಡಗಿದರು. ಥಾಂಬಾ ಎಂದು ನಾನು ಕೂಗಲಿಲ್ಲ.