ಇಳಿಜಾರು ಕಂಡಲ್ಲಿ ನಿಲ್ಲುವವರು

ಹೊಸ ಊರಿಗೆ ಹೋದವರು ಗುಡಿ ಎಲ್ಲಿದೆ, ಒಳ್ಳೆಯ ಖಾನಾವಳಿ ಎಲ್ಲಿದೆ ಎಂದು ವಿಚಾರಿಸುತ್ತಾರೆ. ನಾನು ನೆಲ ನೋಡುತ್ತೇನೆ. ಅದು ಯಾವ ಕಡೆ ವಾಲಿದೆ, ಎಷ್ಟು ವಾಲಿದೆ, ವಾಲಿದ ಕಡೆಗೆ ಗೋಡೆಯೋ ಎಮ್ಮೆಯೋ ಪೊಲೀಸರೋ ಅಡ್ಡ ಇದ್ದಾರೆಯೇ ಎಂದು ಕಣ್ಣಲ್ಲೇ ಅಳೆಯುತ್ತೇನೆ. ಇದನ್ನು ಕಂಡವರು ನನ್ನನ್ನು ಭೂಗೋಳದ ಮಾಸ್ತರ ಎಂದುಕೊಳ್ಳುತ್ತಾರೆ. ನಿವೃತ್ತನಾಗುವ ತನಕ ನಾನು ಕಲಿಸಿದ್ದು ಇತಿಹಾಸ. ನೆಲದ ಮೇಲೆ ನನಗೆ ಈ ಪ್ರೀತಿ ಹುಟ್ಟಿದ್ದು ನನ್ನ ಅಂಬಾಸಿಡರ್ ಕಾರಿನ ಸ್ಟಾರ್ಟರ್ ತೀರಿಕೊಂಡ ಮೇಲೆ.

ಗಾಡಿ ಇಟ್ಟವರಿಗೆ ಇದು ಗೊತ್ತು, ಇಡದವರಿಗೆ ಹೇಳುತ್ತೇನೆ. ಸ್ಟಾರ್ಟರ್ ಇಲ್ಲದ ಗಾಡಿ ಕೀಲಿಕೈಗೆ ಜಗ್ಗುವುದಿಲ್ಲ. ಅದನ್ನು ಮೊದಲು ಉರುಳಿಸಬೇಕು. ಉರುಳುವಾಗ ಎರಡನೇ ಗೇರಿನಲ್ಲಿ ಕ್ಲಚ್ಚನ್ನು ಪಟ್ಟನೆ ಬಿಟ್ಟರೆ ಎಂಜಿನ್ ಒಮ್ಮೆ ಕೆಮ್ಮಿ ಎದ್ದು ಕೂರುತ್ತದೆ. ಉರುಳಬೇಕಾದರೆ ಹಿಂದಿನಿಂದ ನಾಲ್ಕು ಜನ ನೂಕಬೇಕು, ಇಲ್ಲವೆ ಮುಂದೆ ಇಳಿಜಾರಿರಬೇಕು. ಜನ ಒಂದು ಸಲ ನಗುನಗುತ್ತಾ ನೂಕುತ್ತಾರೆ. ಎರಡನೇ ಸಲ ನಿಮ್ಮನ್ನು ದೂರದಿಂದ ಕಂಡೇ ಗಲ್ಲಿ ಬದಲಿಸುತ್ತಾರೆ. ಇಳಿಜಾರು ಹಾಗಲ್ಲ, ಯಾವಾಗ ಹೋದರೂ ಇದ್ದಲ್ಲೇ ಇರುತ್ತದೆ.

ಹೊಸ ಸ್ಟಾರ್ಟರ್ ಹಾಕಿಸಬಾರದೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಹಾಕಿಸಬಹುದು, ಆದರೆ ಬಳಗದಿಂದ ಹೊರಬೀಳಬೇಕಾಗುತ್ತದೆ. ನಮ್ಮದು ಬೀದರಿನ ಹಳೆಯ ಗಾಡಿಗಳ ಬಳಗ. ಹೆಸರಿಗೆ ಏಳೆಂಟು ಸದಸ್ಯರು, ರಸ್ತೆಗೆ ಇಳಿಯುವ ಗಾಡಿ ಮೂರೇ. ಅಧ್ಯಕ್ಷರು ಭಾಲ್ಕಿಯ ನಿವೃತ್ತ ವಕೀಲರಾದ ಮಾಣಿಕರಾವ ಕಾಕಾ. ಅವರದು ಹಾಲುಬಣ್ಣದ ಪದ್ಮಿನಿ. ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ್ದು ವಯಸ್ಸು ನೋಡಿ ಅಲ್ಲ, ಅವರ ಮನೆಯ ಅಂಗಳ ಬಾಗಿಲಿನಿಂದ ಗೇಟಿನ ತನಕ ಚಂದವಾಗಿ ವಾಲಿದೆ ಎಂದು. ಇನ್ನೊಬ್ಬ ಖಟಕ ಚಿಂಚೋಳಿಯ ಶರಣಪ್ಪ. ಅವನದು ಜೀಪು. ವಾರವೆಲ್ಲ ಅದರಲ್ಲಿ ಕುರಿ ಓಡಾಡುತ್ತವೆ, ರವಿವಾರ ನಾವು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ನಾವು ಅದರ ಹಿಂದೆಯೋ ಮುಂದೆಯೋ ಹೋಗುತ್ತೇವೆ.

ಕಾಕಾ ಹಾಕಿದ ಕಟ್ಟಳೆ ಒಂದೇ: ಗಾಡಿಯಲ್ಲಿರುವುದೆಲ್ಲ ಅಸಲಿ ಇರಬೇಕು. ಹುಟ್ಟಿನಿಂದ ಬಂದ ಸ್ಟಾರ್ಟರ್ ಸತ್ತರೂ ಅದೇ ಇರಬೇಕು. ಪೇಟೆಯ ಮಾಲು ಹಾಕಿದವನನ್ನು ನಾವು ಪಂಕ್ತಿಯಿಂದ ಎಬ್ಬಿಸುತ್ತೇವೆ. ಹೀಗಾಗಿ ಮೂರೂ ಗಾಡಿಗಳಲ್ಲಿ ಅಸಲಿ ಸ್ಟಾರ್ಟರ್ ಇದೆ, ಮೂರೂ ಸತ್ತಿವೆ. ಅಂಬಾಸಿಡರ್ ಮುಖಕ್ಕೆ ಹ್ಯಾಂಡಲ್ ಹಾಕಿ ತಿರುಗಿಸುವ ತೂತೂ ಇದೆ. ಹ್ಯಾಂಡಲ್ ಮಾತ್ರ ಹಿಂದಿನ ಮಾಲೀಕರ ಮನೆಯಲ್ಲಿ ಉಳಿದು, ಈಗ ಅದರಿಂದ ಮೆಣಸಿನಕಾಯಿ ಕುಟ್ಟುತ್ತಾರಂತೆ.

ದೇವರು ದೊಡ್ಡವನು, ನಮ್ಮನ್ನು ಬೀದರಿನಲ್ಲಿ ಹುಟ್ಟಿಸಿದ. ಊರು ಕುಳಿತಿರುವುದು ದಿಬ್ಬದ ಮೇಲೆ. ಯಾವ ದರವಾಜೆಯಿಂದ ಹೊರಟರೂ ನೆಲ ಕೆಳಗಿಳಿಯುತ್ತದೆ. ಬಿಡುವುದು ಸಲೀಸು, ತಿರುಗಿ ಬರಲು ಮಾತ್ರ ಪುಣ್ಯ ಬೇಕು. ಇಳಿಜಾರಿನ ಮಹಿಮೆಯನ್ನು ನಮಗಿಂತ ಮೊದಲು ಅರಿತವರು ಬಹಮನಿ ಸುಲ್ತಾನರು. ಅವರ ಕಾಲದಲ್ಲಿ ಊರಿನ ಅಡಿಯಲ್ಲಿ ಕೊರೆದ ಕರೇಜ್ ಎಂಬ ಸುರಂಗ ಕಾಲುವೆಯಲ್ಲಿ ನೀರು ತಾನಾಗಿ ಹರಿದು ಬರುತ್ತಿತ್ತು. ಪಂಪಿಲ್ಲ, ಮೋಟರಿಲ್ಲ, ಹದವಾದ ಒಂದು ಇಳಿಜಾರು ಅಷ್ಟೇ. ಅದನ್ನು ತೋಡಿದವರಿಗೆ ಬಳಗದ ಗೌರವ ಸದಸ್ಯತ್ವ ಕೊಡೋಣವೆಂದು ನಾನು ಒಂದು ಸಭೆಯಲ್ಲಿ ಸೂಚಿಸಿದೆ. ಶರಣಪ್ಪ ಗಂಭೀರವಾಗಿ, "ಅವರ ಬಲ್ಲಿ ಯಾವ ಮಾಡೆಲ್ ಇತ್ರಿ ಮಾಸ್ತರ?" ಎಂದು ಕೇಳಿದ್ದರಿಂದ ವಿಷಯ ಅಲ್ಲಿಗೇ ಬಿತ್ತು.

ನನ್ನ ಹೆಂಡತಿ ಸುಮಂಗಲಾಗೆ ಇದಾವುದೂ ಬೇಡ. ಅವಳ ತಾಳ್ಮೆ ಮುಗಿದದ್ದು ಭಾಲ್ಕಿಯ ಒಂದು ಮದುವೆಯಲ್ಲಿ. ಮಂಟಪದ ಎದುರು ನೆಲ ಸಪಾಟಾಗಿತ್ತು. ಊಟ ಮುಗಿಸಿ, ರೇಷ್ಮೆ ಸೀರೆಯಲ್ಲಿ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಅವಳು ಗಾಡಿ ನೂಕಿದಳು. ಬೀಗರು ವಿಡಿಯೋ ತೆಗೆದರು. ಮನೆಗೆ ಬಂದ ಮೇಲೆ ಶಾಂತವಾಗಿ ಹೇಳಿದಳು: ಹೆದ್ದಾರಿಯ ಮೇಲಿನ ಧಾಬಾದವನು ಗಾಡಿ ಕೇಳುತ್ತಿದ್ದಾನೆ, ಕೊಟ್ಟುಬಿಡೋಣ. ಮೇಲಿನ ತಗಡು ಕತ್ತರಿಸಿ, ಒಳಗೆ ಮಣ್ಣು ತುಂಬಿ ಹೂವಿನ ಗಿಡ ಹಚ್ಚುತ್ತಾನಂತೆ, ಗಿರಾಕಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು.

"ಅದರಾಗ ಚೆಂಡುಹೂವಿನ ಗಿಡ ಹಚ್ಚತಾನಾ?" ಎಂದೆ.

"ಅಲ್ಲಿ ನಿಂತ್ರ ನಾಕ ಮಂದಿ ನೋಡಿ ಖುಷಿರೆ ಆಗ್ತಾರ. ಇಲ್ಲಿ ನಿಂತ್ರ ನಾ ನೂಕಬೇಕು" ಎಂದಳು. ಎರಡು ದಿನ ನಾನು ಊಟ ಸರಿಯಾಗಿ ಮಾಡದ್ದು ಕಂಡು ಕೊನೆಗೆ ಒಂದು ಶರ್ತ ಹಾಕಿದಳು: "ಬರೋ ರವಿವಾರ ನಿಮ್ಮ ಬಳಗ ಭಾಲ್ಕಿ ಮ್ಯಾಲಿಂದ ಔರಾದಕ್ಕ ಹೊಂಟದಲ್ಲ, ನಾನೂ ಬರ್ತೇನಿ. ಮನಿ ಬಿಟ್ಟು ಮನಿ ಮುಟ್ಟೋ ತನಕ ಒಬ್ಬ ಮನಷಾನೂ ಗಾಡಿ ನೂಕಬಾರದು. ನೂಕಿದ್ರ ಸೋಮವಾರ ಧಾಬಾದಂವ ಬಂದು ಒಯ್ತಾನ, ನೋಡ್ರಿ."

ಕಾಕಾನಿಗೆ ಫೋನು ಹಚ್ಚಿದೆ, ಅಳುವುದೊಂದು ಬಾಕಿ. ಅವರು ಹಳೆಯ ವಕೀಲರು, ಇಂಥ ಕೇಸು ಎಷ್ಟು ನೋಡಿಲ್ಲ! "ಅರೇ ಮಾಸ್ತರ, ಫಿಕರ್ ಯಾಕ ಮಾಡ್ತೀರಿ? ಬೀದರದಿಂದ ಔರಾದ ತನಕ ಎಲ್ಲೆಲ್ಲಿ ಇಳಿಜಾರ ಅದ ನನಗ ಬಾಯಿಪಾಠ ಅದ. ಅಲ್ಲೇ ನಿಲ್ಲೂನು, ಅಲ್ಲೇ ಉಣ್ಣೂನು. ಸುಮಂಗಲಾ ವೈನಿಗಿ ಗೊತ್ತೇ ಆಗಂಗಿಲ್ಲ" ಎಂದರು.

ಹೀಗೆ ರವಿವಾರ ಬೆಳಗ್ಗೆ ನಮ್ಮ ಮೂರು ಗಾಡಿಗಳ ಮೆರವಣಿಗೆ ಹೊರಟಿತು. ಭಾಲ್ಕಿ ದಾಟಿ ಒಂದು ಏರಿನ ನೆತ್ತಿಯ ಮೇಲೆ ಚಹಾಕ್ಕೆ ನಿಂತೆವು. ಮೂರೂ ಗಾಡಿ ಮೂತಿ ಕೆಳಗೆ ಮಾಡಿ, ಗಾಲಿಗೆ ಕಲ್ಲು ಇಟ್ಟುಕೊಂಡು ನಿಂತವು. ಆ ಗೂಡಂಗಡಿಯ ಚಹಾ ಹೇಗಿತ್ತೆಂದರೆ, ಶರಣಪ್ಪ ಕೂಡ ಅರ್ಧ ಚೆಲ್ಲಿದ.

"ಭಾಲ್ಕ್ಯಾಗ ಅಷ್ಟ ಹೋಟೆಲ್ ಬಿಟ್ಟು ಈ ಚಾ ಕುಡಿಲಾಕ ಇಲ್ಲಿ ಬಂದೇವೇನ್ರಿ ಕಾಕಾ?" ಎಂದಳು ಸುಮಂಗಲಾ.

"ಇಲ್ಲಿ ಹವಾ ಭಾಳ ಚಲೋ ಅದ ವೈನಿ" ಎಂದರು ಕಾಕಾ. ಹವಾ ಜೀಪಿನ ಕಡೆಯಿಂದ ಬರುತ್ತಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮುಂದೆ ಮಾಂಜ್ರಾ ನದಿಯ ಸೇತುವೆಗೆ ಇಳಿಯುವಲ್ಲಿ ಫೋಟೋಕ್ಕಾಗಿ ನಿಂತೆವು. ಅದರ ಮುಂದಿನ ದಿಬ್ಬದಲ್ಲಿ ಹೆಸರೂ ಗೊತ್ತಿಲ್ಲದ ಒಂದು ಹನುಮಪ್ಪನ ಕಟ್ಟೆಗೆ ಅಡ್ಡಬಿದ್ದೆವು. "ನಿಮಗ ಭಕ್ತಿ ಯಾವಾಗಿಂದ ಹುಟ್ತು?" ಎಂದು ಕೇಳಿದಳು. ವಯಸ್ಸಾಯಿತಲ್ಲ ಎಂದೆ. ಎಲ್ಲ ಕಡೆಯೂ ಕಲ್ಲು ತೆಗೆದದ್ದೇ ತಡ, ಗಾಡಿ ತಾನಾಗಿ ಉರುಳಿ, ಕೆಮ್ಮಿ, ಎದ್ದಿತು. ನನ್ನ ಎದೆಯೂ ಅದರ ಜೊತೆ ಎದ್ದಿತು. ಇನ್ನು ಔರಾದ ಮುಟ್ಟಿದರೆ ಅಲ್ಲಿಂದ ಬೀದರಿನ ದಾರಿ ಕಾಕಾನ ಕೈಯೊಳಗಿತ್ತು.

ಠಾಣಾ ಕುಶನೂರ ಬಂತು. "ಜರಾ ಮಾಮಾನ ಮನಿ ಮುಂದ ನಿಲ್ಲಸ್ರಿ" ಎಂದಳು ಸುಮಂಗಲಾ.

ಅವಳ ಸೋದರಮಾವ ಅವಳನ್ನು ಸಾಕಿ, ಧಾರೆ ಎರೆದು ಕೊಟ್ಟವರು. ಮುಂದೆ ಹೋಗು ಎನ್ನಲು ಬಾಯಿ ಬರಲಿಲ್ಲ. ಆದರೆ ಆ ಊರು ನೀವು ನೋಡಬೇಕು. ಕರಿಮಣ್ಣಿನ ಬಯಲು, ತೊಗರಿ, ಸೋಯಾ ಬೆಳೆಯುವ ನೆಲ. ಅಲ್ಲಿ ಗೋಲಿ ಇಟ್ಟರೆ ಗೋಲಿಯೂ ಉರುಳುವುದಿಲ್ಲ. ಕಾಕಾ ಮತ್ತು ಶರಣಪ್ಪ ನನ್ನ ಕಡೆ ನೋಡಿ, ತಾವೂ ನಿಂತರೆ ಕೆಟ್ಟೆವೆಂದು, ಎಂಜಿನ್ ಆರಿಸದೆ ಊರು ಸುತ್ತತೊಡಗಿದರು. ಜನ ಯಾವುದೋ ಚುನಾವಣೆ ಬಂತೆಂದುಕೊಂಡರು.

ನಾನು ಎಂಜಿನ್ ನಡೆಸುತ್ತಲೇ, ಒಂದು ಕಾಲನ್ನು ಎಕ್ಸಲರೇಟರ್ ಮೇಲಿಟ್ಟು, ಗಾಡಿಯಲ್ಲೇ ಕುಳಿತೆ. ಸುಮಂಗಲಾ ಒಳಗೆ ಹೋದಳು. ಅತ್ತೆ ಕಾಲಿಗೆ ನೀರು ತಂದರು. "ಬ್ಯಾಡ್ರಿ ಅತ್ತಿ, ಹಿಂಗೇ ಹೊಂಟೇವಿ" ಎಂದೆ. ಚೆಂಬು ಹಿಡಿದುಕೊಂಡು ಅವರು ನಿಂತೇ ನಿಂತರು. ಚಹಾ ಕಿಟಕಿಯಲ್ಲಿ ಬಂತು, ಕಿಟಕಿಯಲ್ಲೇ ಕುಡಿದೆ. ಅಷ್ಟರಲ್ಲಿ ಓಣಿಯೇ ನೆರೆಯಿತು. ಅಳಿಯನಾದವನು ಬಾಗಿಲ ತನಕ ಬಂದು ಕೆಳಗೆ ಇಳಿಯದಿದ್ದರೆ ಅದಕ್ಕೆ ನಮ್ಮ ಕಡೆ ಒಂದೇ ಅರ್ಥ: ಅಳಿಯ ಮುನಿದಿದ್ದಾನೆ. ಅಳಿಯನ ಸಿಟ್ಟು ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಅದನ್ನು ಇಳಿಸುವುದಕ್ಕೆ ಮನೆತನಗಳು ತಲೆಮಾರು ಸವೆಸಿವೆ.

"ಹೋದ ಸಲ ಹೋಳಗಿ ಮ್ಯಾಲ ತುಪ್ಪ ಕಮ್ಮಿ ಬಿದ್ದಿತ್ತಂತ" ಎಂದ ಒಬ್ಬ. "ಅಲ್ಲೋ, ಮದುವ್ಯಾಗ ಕೊಟ್ಟ ಗಡಿಯಾರ ನಿಂತದಂತ" ಎಂದ ಇನ್ನೊಬ್ಬ. ನಾನು ಕಾರಿನೊಳಗೆ ಕೂತು ನಗಲಾರದೆ, ಇಳಿಯಲಾರದೆ, ಎಕ್ಸಲರೇಟರ್ ಒತ್ತುತ್ತಿದ್ದೆ. ಅದು ಗುರ್ರೆಂದಾಗಲೆಲ್ಲ ಜನ ಒಂದು ಹೆಜ್ಜೆ ಹಿಂದೆ ಸರಿದು, "ಭಾಳ ಸಿಟ್ಟ ಅದ" ಎನ್ನುತ್ತಿದ್ದರು.

ಆಗ ಮಾವ ಹೊರಗೆ ಬಂದರು. ಕೋಲು ಊರಿಕೊಂಡು, ಮೆಲ್ಲಗೆ. "ಮಾಸ್ತರ, ಯಾಡ್ಮೂರ ವರ್ಷ ಆತು, ಪೋರಿನ ಬಾಗಲ ತನಕ ಬಿಡ್ತೀರಿ, ಗಾಡಿ ನಿಲ್ಲಸಂಗಿಲ್ಲ, ಹಂಗೇ ತಿರುಗಿ ಹೋಗ್ತೀರಿ. ಇವತ್ತ ಬಂದೂ ಇಳಿಯವಲ್ಲಿರಿ. ನಮ್ಮ ಕಡಿಂದ ಏನ್ ತಪ್ಪಾಗ್ಯಾದ ಹೇಳ್ರಿ. ತಪ್ಪಿದ್ರ ಹೊಟ್ಯಾಗ ಹಾಕೋರಿ" ಎಂದರು. ಎಂದವರೇ ತಲೆಯ ರುಮಾಲು ತೆಗೆದರು. ರುಮಾಲನ್ನು ಕಾಲ ಬಳಿ ಇಟ್ಟು ಬೇಡುವುದು ಹಿರಿಯರಾದವರು ಮಾಡಬಹುದಾದ ಕೊನೆಯ ಕೆಲಸ. ನನ್ನ ಕಾಲು ಗಾಡಿಯೊಳಗಿತ್ತು. ಅವರು ರುಮಾಲನ್ನು ಬಾನೆಟ್ ಮೇಲೆ ಇಟ್ಟರು. ಎಂಜಿನ್ನಿನ ನಡುಕಕ್ಕೆ ಆ ಬಿಳಿ ರುಮಾಲು ಗಡಗಡ ನಡುಗತೊಡಗಿತು. ಬಾಗಿಲಲ್ಲಿ ಸುಮಂಗಲಾ ನಿಂತಿದ್ದಳು. ಇಲ್ಲ ಮಾಮಾ, ಗಾಡಿ ಕೆಟ್ಟದ ಎಂದು ಒಂದು ಮಾತು ಹೇಳಬಹುದಿತ್ತು. ಹೇಳದೆ ನನ್ನನ್ನೇ ನೋಡುತ್ತಿದ್ದಳು.

ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು. ಅದರೊಳಗೆ ಚೆಂಡುಹೂವು ಅರಳಿದ್ದು ನನಗೆ ಆಗಲೇ ಕಂಡಿತು. ಇಳಿದು ರುಮಾಲು ಎತ್ತಿ ಮಾವನ ತಲೆಯ ಮೇಲಿಟ್ಟು ಕಾಲಿಗೆ ಬಿದ್ದೆ.

ಒಳಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು. ಓಣಿಯ ಮಾತು ಅತ್ತೆಯ ಕಿವಿಗೂ ಬಿದ್ದಿತ್ತೋ ಏನೋ, ತುಪ್ಪ ತಟ್ಟೆ ದಾಟಿ ಹರಿಯಿತು. ಉಣ್ಣುತ್ತಾ ನಾನು ಸ್ಟಾರ್ಟರಿನ ಕತೆಯನ್ನೂ ಅಸಲಿಯ ಕಟ್ಟಳೆಯನ್ನೂ ಹೆಂಡತಿಯ ಶರ್ತವನ್ನೂ ಹೇಳಿದೆ. ಮಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

"ಅಂದ್ರ ಗಾಡಿ ಕೆಟ್ಟಿತ್ತು, ನೀವು ಸಿಟ್ಟಾಗಿರಲಿಲ್ಲ?"

"ಇಲ್ರಿ ಮಾವ."

"ಹಾಳಾಗಿ ಹೋಗ್ಲಿ! ನಾ ನಿಮ್ಮ ಸಲುವಾಗಿ ರಾತ್ರಿ ನಿದ್ದಿಗೆಟ್ಟೇನಿ, ತಿಳೀತೇನು?" ಎಂದು ಬೈದರು. ಆಮೇಲೆ ನಗಲು ಶುರು ಮಾಡಿದವರು ಕೆಮ್ಮು ಬಂದು ಅತ್ತೆ ನೀರು ಕೊಡುವ ತನಕ ನಕ್ಕರು. ಅವರ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಹಿಂಡಿಯ ಖಾರಕ್ಕೆ ಅಂತೂ ಅಲ್ಲ.

ಹೊರಗೆ ಬಂದಾಗ ಗಾಡಿ ಸಪಾಟು ನೆಲದ ಮೇಲೆ ಬೆಪ್ಪಾಗಿ ನಿಂತಿತ್ತು. ಓಣಿಯ ಗಂಡಸರು ತೋಳು ಮೇಲೇರಿಸಿದರು. ನಾನು ಕೈ ಅಡ್ಡ ಹಿಡಿದೆ. ಮಾತು ಮಾತೇ, ಶರ್ತ ಶರ್ತವೇ. ನಾನು ಬಸ್ಸಿಗೆ ಹೋಗುತ್ತೇನೆ, ಸೋಮವಾರ ಧಾಬಾದವನು ಇಲ್ಲಿಂದಲೇ ಒಯ್ಯಲಿ ಎಂದೆ.

ಸುಮಂಗಲಾ ಸೆರಗು ಬಿಗಿದು ಸಿಕ್ಕಿಸಿಕೊಂಡಳು. "ಶರ್ತ ಹಾಕಿದಾಕಿ ನಾ, ತಗಿಯಾಕಿನೂ ನಾನೇ. ನೀವು ಸುಮ್ಮ ಒಳಗ ಕುಂದರ್ರಿ" ಎಂದು, ಡಿಕ್ಕಿಗೆ ಮೊದಲು ತಾನೇ ಕೈ ಹಚ್ಚಿದಳು. "ನಿಂತು ಏನ್ ನೋಡ್ತೀರಿ? ನೂಕ್ರಿ!"

ಓಣಿಯೇ ನೂಕಿತು. ಕನ್ನಡಿಯಲ್ಲಿ ನೋಡಿದರೆ ಮಾವ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗಾಡಿಯ ಮೇಲಿಟ್ಟು, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಕ್ಲಚ್ ಬಿಟ್ಟೆ. ಅಷ್ಟು ಬೇಗ ಅದು ಯಾವ ಇಳಿಜಾರಿನಲ್ಲೂ ಎದ್ದಿರಲಿಲ್ಲ. ಸುಮಂಗಲಾ ಏದುಸಿರು ಬಿಡುತ್ತಾ ಓಡಿ ಬಂದು ಪಕ್ಕದಲ್ಲಿ ಕುಳಿತಳು.

"ನೀ ಅವರಿಗಿ ಮೊದಲೇ ಹೇಳಬಹುದಿತ್ತಲ್ಲ" ಎಂದೆ.

"ಹೇಳಬಹುದಿತ್ತು. ಗಾಡಿ ಹೋಗ್ತದಂತ ಗೊತ್ತಿದ್ದೂ ನೀವು ಇಳೀತೀರೋ ಇಲ್ಲೋ ನೋಡಬೇಕಿತ್ತು" ಎಂದು ಬೆವರು ಒರೆಸಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ಧಾಬಾದಂವಗ ಇಲ್ಲಂತ ಹೇಳ್ತೇನಿ. ಆದ್ರ ತಿಂಗಳಿಗೊಮ್ಮಿ ಇಲ್ಲಿಗಿ ಬರಬೇಕು. ಎಂಜಿನ್ ಬಂದ್ ಮಾಡಿ, ಒಳಗ ಬಂದು ಉಂಡು ಹೋಗಬೇಕು" ಎಂದಳು. ಹ್ಞೂಂ ಎಂದೆ.

ಊರು ಸುತ್ತಿ ಸಾಕಾಗಿ ಮುಂದೆ ಬಂದಿದ್ದ ಕಾಕಾ, ಶರಣಪ್ಪ ಔರಾದದ ಹೊರಗೆ ಒಂದು ಇಳಿಜಾರಿನಲ್ಲಿ ಗಾಲಿಗೆ ಕಲ್ಲಿಟ್ಟು ಕಾಯುತ್ತಿದ್ದರು, ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು. ನನ್ನ ಗಾಡಿ ಗುಡುಗುತ್ತಾ ಬಂದದ್ದು ಕಂಡು ಕಾಕಾನಿಗೆ ನಂಬಿಕೆಯೇ ಬರಲಿಲ್ಲ. ಬೀದರ ಜಿಲ್ಲೆಯ ಇಳಿಜಾರುಗಳನ್ನೆಲ್ಲ ಬಲ್ಲವರಿಗೆ, ತಮಗೆ ಗೊತ್ತಿಲ್ಲದ ಒಂದು ಉಳಿದುಬಿಟ್ಟಿತೇ ಎಂಬ ಸಂಕಟ.

"ಮಾಸ್ತರ, ಕುಶನೂರದಾಗ ಇಳಿಜಾರ ಎಲ್ಲಿ ಅದರೀ? ನನಗ ಹೇಳೇ ಇಲ್ಲ!"

"ಇಳಿಜಾರ ಇಲ್ರಿ ಕಾಕಾ," ಎಂದೆ. "ಮಂದಿ ಅದಾರ."