ಗಾದಿಲಿಂಗ ಹಾಕಿದ ನಾಲ್ಕು ಟೈರು

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಹೊನ್ನೂರಮ್ಮನವರ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆಗಲೇ ಸದ್ದು ಶುರು ಮಾಡಿದೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಅವರು ಹಳೆ ಟೈರುಗಳ ರಾಶಿಯ ಮುಂದೆ ಕೂತಿದ್ದಾರೆ. ನಗರದ ಕಾರುಗಳಿಂದ ಕಳಚಿದ ಈ ಟೈರುಗಳು ನಿನ್ನೆ ಸಂಜೆ ಲಾರಿಯಲ್ಲಿ ಬಂದಿವೆ. ಒಂದೊಂದರ ಪಕ್ಕೆಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಟಾರ್ಚ್ ಬಿಟ್ಟು ಅವರು ಹುಡುಕುತ್ತಿರುವುದು ನಾಲ್ಕು ಅಂಕಿಗಳನ್ನು. ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರು ಯಾವಾಗ ತಯಾರಾಯಿತು ಎಂಬುದು ಅಲ್ಲಿ ಅಚ್ಚಾಗಿರುತ್ತದೆ.

ಇಷ್ಟು ಹೊತ್ತಿಗೇ ಮೊದಲ ಗಿರಾಕಿ ಬರುತ್ತಾರೆ. ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಶಿವಯೋಗಪ್ಪ, ತಮ್ಮ ಹಳೆ ಕಾರಿಗೆ ಎರಡು ಟೈರು ಬೇಕೆಂದು. ಟೈರು ಕೊಳ್ಳಲು ಬಂದವರು ಮೊದಲು ಅದನ್ನು ಒದೆಯುತ್ತಾರೆ. ಯಾಕೆ ಒದೆಯುತ್ತಾರೋ ಒದೆಯುವವರಿಗೂ ಗೊತ್ತಿಲ್ಲ, ಒದ್ದರೆ ಏನೋ ತಿಳಿದಂತೆ ತಲೆ ಮಾತ್ರ ಆಡಿಸುತ್ತಾರೆ. ಶಿವಯೋಗಪ್ಪನವರೂ ಒದ್ದು, ಗೀರಿನೊಳಗೆ ಬೆರಳಿಟ್ಟು ಆಳ ನೋಡಿ, ಫಳಫಳ ಹೊಳೆಯುವ ಒಂದನ್ನು ಆರಿಸುತ್ತಾರೆ.

“ಇದು ಕೊಡು ತಂಗಿ. ಗ್ರಿಪ್ ಹೊಸದಿದ್ದಂಗ ಐತಿ.”

“ಗ್ರಿಪ್ ಐತ್ರಿ ಅಣ್ಣಾರ, ಜೀವ ಇಲ್ಲ. ಓಡದ ನಿಂತ ಗಾಡೀದು ಇದು. ಮ್ಯಾಲೆ ಪಾಲಿಶ್ ಹೊಡದಾರ. ಇಲ್ನೋಡ್ರಿ, ಮಡಿಚಿದ್ರ ಹೆಂಗ ಬಿರುಕು ಕಾಣ್ತಾವ. ಈ ನಾಕು ಅಂಕಿ ನೋಡ್ರಿ, ಕಡೀ ಎರಡು ತಯಾರಾದ ವರ್ಷ. ಎಂಟು ವರ್ಷದ್ದು. ಬಿಸಿಲಾಗ ಸಿಡಿತೈತಿ, ಮಳ್ಯಾಗ ಜಾರತೈತಿ.”

ಹೇಳಿ ಸುಮ್ಮನಾಗುವುದಿಲ್ಲ. ಚಾಕುವನ್ನು ಸೋಪಿನ ನೀರಲ್ಲಿ ಅದ್ದಿ ಟೈರಿನ ಪಕ್ಕೆಯನ್ನು ಅಡ್ಡಕ್ಕೆ ಕೊಯ್ದೇಬಿಡುತ್ತಾರೆ. ಇದು ಈ ಅಂಗಡಿಯ ಪದ್ಧತಿ. ಬೇಡವಾದ ಟೈರು ಇಲ್ಲಿಂದ ಇಡಿಯಾಗಿ ಹೊರಗೆ ಹೋಗುವಂತಿಲ್ಲ. ಕೊಯ್ದ ಟೈರಿಗೆ ಗುಜರಿಯವನು ಕಡಿಮೆ ಕೊಡುತ್ತಾನೆ, ಕೊಡಲಿ.

ಆರಿಸಿದ್ದನ್ನು ಕಣ್ಣೆದುರೇ ಕೊಯ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಶಿವಯೋಗಪ್ಪ ಸೀದಾ ಅಂಗಡಿಯ ಪಕ್ಕದಲ್ಲಿ ನಿಂತಿರುವ ಹೊನ್ನೂರಮ್ಮನವರದೇ ಬಿಳಿ ಆಲ್ಟೊ ಕಾರಿನ ಬಳಿ ಹೋಗಿ, ಆಗಷ್ಟೇ ಕಲಿತ ವಿದ್ಯೆಯನ್ನು ಅಲ್ಲೇ ಪ್ರಯೋಗಿಸುತ್ತಾರೆ. ಬಗ್ಗಿ, ಧೂಳು ಒರೆಸಿ, ಓದುತ್ತಾರೆ. “ಸೊನ್ನಿ ಮೂರು, ಇಪ್ಪತ್ತು. ಅಂದ್ರ ಆರು ವರ್ಷ ದಾಟೈತಿ. ನಮಗೊಂದು ಕಾನೂನು, ನಿನಗೊಂದು ಕಾನೂನೇನು ತಂಗಿ?”

ಅವರು ನಗುತ್ತಲೇ ಕೇಳಿದ್ದು. ಹೊನ್ನೂರಮ್ಮ ನಗುವುದಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿಯುತ್ತಾರೆ.

ಹೊನ್ನೂರಮ್ಮ ಕೂಡ್ಲಿಗಿ ಕಡೆಯ ಕೂಲಿ ಮನೆಯ ಮಗಳು. ಗಾದಿಲಿಂಗನ ಕೈ ಹಿಡಿದು ಬಂದ ಹೊಸದರಲ್ಲಿ ರಬ್ಬರಿನ ವಾಸನೆಗೆ ಅನ್ನ ಸೇರುತ್ತಿರಲಿಲ್ಲವಂತೆ. ಆಮೇಲೆ ಗಂಡ ಟೈರು ಬಿಚ್ಚುವಾಗ ಲಿವರ್ ಹಿಡಿದರು, ಪ್ಯಾಚ್ ಹಾಕುವುದನ್ನು ಕಲಿತರು. ಟೈರು ಕೊಯ್ಯುವ ಪದ್ಧತಿ ಗಾದಿಲಿಂಗನದು. ಅವನು ಬೇಡವೆಂದು ಅಂಗಡಿಯ ಹಿಂದೆ ಎಸೆದಿದ್ದ ಟೈರೊಂದನ್ನು ಯಾರೋ ಎತ್ತಿಕೊಂಡು ಹೋಗಿ ಕಾರಿಗೆ ಹಾಕಿಸಿದ್ದರು. ಅರಸೀಕೆರೆ ಹತ್ತಿರ ಅದು ಸಿಡಿದು, ಕಾರು ಉರುಳಿ, ಒಳಗಿದ್ದ ಹೆಣ್ಣುಮಗಳೊಬ್ಬಳ ಕಾಲು ಹೋಯಿತು. ಸುದ್ದಿ ಕೇಳಿ ನೋಡಲು ಹೋದ ಗಾದಿಲಿಂಗ, ಹರಿದ ಟೈರಿನೊಳಗೆ ತಾನೇ ಹಾಕಿದ್ದ ಪ್ಯಾಚ್ ಗುರುತು ಹಿಡಿದ. ಅಂದಿನಿಂದ ಚಾಕು ಅವನ ಸೊಂಟದಲ್ಲೇ ಇರುತ್ತಿತ್ತು.

ಆಲ್ಟೊ ಕೊಂಡದ್ದು ಮಗಳು ರೇಖಾಳಿಗಾಗಿ, ಅವಳನ್ನು ಕಾಲೇಜಿಗೆ ಬಿಟ್ಟು ಬರಲು. ಇಬ್ಬರ ಕೈ ದಾಟಿ ಬಂದ ಕಾರು. ಆದರೆ ಅದಕ್ಕೆ ಹೊಸಪೇಟೆಯಿಂದ ಹೊಚ್ಚ ಹೊಸ ಟೈರು ನಾಲ್ಕು ತಂದು ಗಾದಿಲಿಂಗ ತಾನೇ ಕೂಡಿಸಿದ. ಜೀವಮಾನವೆಲ್ಲ ಪರರ ಗಾಡಿಗೆ ಹೊಸ ಟೈರು ಹಾಕಿದವನು ತನಗಾಗಿ ಕೊಂಡದ್ದು ಅವೇ ಮೊದಲು. ಅಷ್ಟರಲ್ಲಿ ಲಾಕ್‌ಡೌನ್ ಬಂತು, ಕಾಲೇಜಿಗೆ ಬೀಗ ಬಿತ್ತು, ಕಾರು ನಿಂತಲ್ಲೇ ನಿಂತಿತು. ಮರುವರ್ಷದ ಕೊರೊನಾ ಅಲೆಯಲ್ಲಿ ಗಾದಿಲಿಂಗನೇ ಹೋದ. ಆಸ್ಪತ್ರೆಯಲ್ಲಿ ಹೆಂಡತಿಗೆ ಮುಖ ತೋರಿಸಿದ್ದು ದೂರದಿಂದ, ಪ್ಲಾಸ್ಟಿಕ್ಕಿನೊಳಗೆ ಸುತ್ತಿಟ್ಟು.

“ಅವರ ಕೈಕೆಲ್ಸ ಅಂತ ಉಳಿದದ್ದು ಇವು ನಾಕ ರೀ. ಉಳಿದವೆಲ್ಲಾ ಮಂದಿ ಗಾಡ್ಯಾಗ ತಿರುಗಿ ತಿರುಗಿ ಸವದು ಹೋದವು” ಎನ್ನುತ್ತಾರೆ ಹೊನ್ನೂರಮ್ಮ. “ಗಾಳಿ ಎಂದೋ ಬದಲಾಗೈತಿ. ವಾರಕ್ಕೊಮ್ಮೆ ನಾನ ತುಂಬ್ತೀನಲ್ಲ. ರಬ್ಬರ್ ಅಷ್ಟ ಅವರದು.”

ಗಂಡನ ಮೂರು ತಿಂಗಳ ಕಾರ್ಯ ಮುಗಿಯುವ ಮೊದಲೇ ಅವರು ಷಟರ್ ಎತ್ತಬೇಕಾಯಿತು. “ಗಂಡಸ್ರು ಯಾರೂ ಇಲ್ಲೇನು ಅಂತ ಕೇಳೋರು. ಇದ್ರು ರೀ, ಹೋಗ್ಯಾರ ಅಂತಿದ್ದೆ.” ಈಗ ದಿನಕ್ಕೆ ಆರೇಳು ಪಂಕ್ಚರ್, ವಾರಕ್ಕೆ ನಾಲ್ಕೈದು ಟೈರು. ಕೈಬೆರಳುಗಳು ಚಳಿಗಾಲದಲ್ಲಿ ಮಡಚುವುದಿಲ್ಲ. ಇದೇ ದುಡಿಮೆಯಲ್ಲಿ ರೇಖಾಳನ್ನು ಓದಿಸಿ ಗುಡೇಕೋಟೆಗೆ ಕೊಟ್ಟಿದ್ದಾರೆ. ಕಾರು ಓಡಿಸುವುದನ್ನೂ ಕಲಿತಿದ್ದಾರೆ. ಆದರೆ ಆಲ್ಟೊ ಬಜಾರು ದಾಟಿ ಹೋಗುವುದು ಅಪರೂಪ. ಓಡಿದರೆ ಟೈರು ಸವೆಯುತ್ತದಲ್ಲ.

ಈಗ ಅದು ಓಡಲೇಬೇಕಿದೆ. ರೇಖಾ ಚೊಚ್ಚಲ ಬಸುರಿ. ಸೋಮವಾರ ಗುಡೇಕೋಟೆಯಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿ ಮಗಳನ್ನು ತವರಿಗೆ ಕರೆತರಬೇಕು. ಅವಳು ಫೋನಿನಲ್ಲಿ ಒಂದೇ ಮಾತು ಹಿಡಿದು ಕೂತಿದ್ದಾಳೆ: “ಅಪ್ಪನ ಕಾರಿನಾಗ ಬಾರಬೇ. ಅಪ್ಪ ಹಾಕಿದ ಟೈರು ಹಂಗ ಇರಲಿ. ಅಪ್ಪನೂ ಕರಿಯಾಕ ಬಂದಂಗ ಆಕ್ಕತಿ.”

ಬೇರೆಯವರ ಮಗಳಾಗಿದ್ದರೆ ಹೊನ್ನೂರಮ್ಮ ಯೋಚಿಸುತ್ತಲೇ ಇರಲಿಲ್ಲ. ಕೊಟ್ಟೂರಿನ ಬಿಸಿಲಲ್ಲಿ ಆರು ವರ್ಷ ನಿಂತ ರಬ್ಬರಿಗೆ ಏನಾಗಿರುತ್ತದೆಂದು ಅವರಿಗೆ ಗೊತ್ತು. ಗೊತ್ತಿದ್ದೇ ಅತ್ತ ನೋಡದೆ ಇಷ್ಟು ದಿನ ಗಾಳಿ ತುಂಬಿದ್ದಾರೆ. ಶಿವಯೋಗಪ್ಪ ಓದಿ ಹೇಳಿದ ಮೇಲೆ ನೋಡದಿರಲು ಆಗುವುದಿಲ್ಲ. ಆ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೋಗಿ ಹಿಂದಿನ ಚಕ್ರದ ಪಕ್ಕೆಯನ್ನು ಉಗುರಿನಿಂದ ಒತ್ತುತ್ತಾರೆ. ಬಿರುಕಿದೆ, ಒಂದಲ್ಲ, ಸುತ್ತಲೂ.

ಮರುದಿನ ಹೊಸಪೇಟೆ ಬಸ್ಸು ಹತ್ತುತ್ತಾರೆ. ಟೈರಿನ ಅಂಗಡಿಯವನು ಎರಡು ಈ ವರ್ಷದ್ದು, ಎರಡು ಹಳೆ ಸ್ಟಾಕು ಸೇರಿಸಿ ಮುಂದಿಡುತ್ತಾನೆ. “ನಾಕೂ ಒಂದ ವಯಸ್ಸಿನವು ಕೊಡ್ರಿ” ಎಂದು ವಾಪಸು ಮಾಡುತ್ತಾರೆ. ಸ್ವಲ್ಪ ಅಗಲದ್ದು ಹಾಕಿ, ನೋಡಲು ಚೆಂದ ಎಂದು ಅವನು ಬಿಡದೆ ಹೇಳುತ್ತಾನೆ. “ಕಂಪನಿ ಹೇಳಿದ ಸೈಜ್ ಕೊಡ್ರಿ ಸಾಕು. ನೋಡಾಕಲ್ರಿ, ಬಸರಿ ಮಗಳು ಕುಂದ್ರಾಕ.”

ಸೋಮವಾರ ಬೆಳಕು ಹರಿಯುವ ಮೊದಲೇ ಹೊನ್ನೂರಮ್ಮ ಆಲ್ಟೊಗೆ ಜಾಕ್ ಕೊಡುತ್ತಾರೆ. ನಟ್ಟುಗಳು ತುಕ್ಕು ಹಿಡಿದು ಬಿಗಿದಿವೆ, ಸ್ಪ್ಯಾನರಿನ ಮೇಲೆ ನಿಂತು ತುಳಿಯಬೇಕಾಗುತ್ತದೆ. ಒಂದೊಂದೇ ಚಕ್ರ ಬಿಚ್ಚಿ, ರಿಮ್ಮಿನಿಂದ ಟೈರು ಬಿಡಿಸಿ, ಸಾಲಾಗಿ ಮಲಗಿಸುತ್ತಾರೆ. ನಾಲ್ಕರ ಗೀರೂ ಆಳವಾಗಿಯೇ ಇದೆ. ಯಾರ ಕಣ್ಣಿಗೆ ಬಿದ್ದರೂ ಹೊಸದೆಂದೇ ಎತ್ತಿಕೊಳ್ಳುವಂತಿವೆ.

ಚಾಕು ಸೋಪಿನ ನೀರಿಗೆ ಇಳಿಯುತ್ತದೆ. ಮೂರು ಕೊಯ್ಯುತ್ತಾರೆ. ನಾಲ್ಕನೆಯದಕ್ಕೆ ಕೈ ಏಳುವುದಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾರೆ. ಆಸ್ಪತ್ರೆಯ ಅಂಗಳದಲ್ಲಿ ಅಳಲಿಕ್ಕೂ ಯಾರೂ ಬಿಟ್ಟಿರಲಿಲ್ಲ, ದೂರ ಹೋಗಿ ಎಂದಿದ್ದರು. ರಸ್ತೆಯಲ್ಲಿ ಮೊದಲ ಬಸ್ಸು ಹೋಗುತ್ತದೆ. ಹೊನ್ನೂರಮ್ಮ ಮೂಗು ಒರೆಸಿಕೊಂಡು, ಚಾಕುವನ್ನು ಮತ್ತೊಮ್ಮೆ ಅದ್ದಿ, ಅದನ್ನೂ ಕೊಯ್ಯುತ್ತಾರೆ.

ಗುಡೇಕೋಟೆಯಲ್ಲಿ ಕುಬಸ ಮುಗಿದು ಹೊರಡುವ ಹೊತ್ತು. ಕೈತುಂಬ ಹಸಿರು ಬಳೆ, ಮಡಿಲಲ್ಲಿ ಉಡಿಯಕ್ಕಿ. ರೇಖಾ ಕಾರಿನ ಬಾಗಿಲು ತೆರೆಯುವ ಮೊದಲು ಚಕ್ರದತ್ತ ನೋಡಿ ಅಲ್ಲೇ ನಿಲ್ಲುತ್ತಾಳೆ.

“ಯವ್ವಾ, ಅಪ್ಪನ ಟೈರು?”

“ಕೊಯ್ದೆ.”

ಮಗಳ ಕಣ್ಣು ತುಂಬುತ್ತದೆ. “ನಾಕೂ? ಒಂದನ್ನಾರ ಇಟ್ಕೋಬೇಕಿತ್ತು.”

ಹೊನ್ನೂರಮ್ಮ ಅವಳನ್ನು ಕೈ ಹಿಡಿದು ಕೂರಿಸಿ, ಸೀರೆಯ ನೆರಿಗೆಯನ್ನು ಒಳಗೆ ಸರಿಸಿ, ಬಾಗಿಲು ಹಾಕುತ್ತಾರೆ. ಕಿಟಕಿಯಲ್ಲಿ ಬಗ್ಗಿ ಹೇಳುತ್ತಾರೆ: “ನಾ ಹೋದ ಮ್ಯಾಲೆ ಗ್ರಿಪ್ ಚಲೋ ಐತಿ ಅಂತ ಯಾರಾರ ಹಾಕ್ಕೊಂತಿದ್ರವ್ವ. ಆ ಗಾಡ್ಯಾಗ ಯಾರದರ ಮನಿ ಮಗಳು ಕುಂದರ್ತಿದ್ಲು. ನಿಮ್ಮಪ್ಪನ ಕೈಯಿಂದ ಅಂಥಾದ್ದು ಇನ್ನೊಮ್ಮೆ ಆಗಬಾರದು.”