ಕಲ್ಲು ತಿನ್ನುವ ಮೀನು ಕಂಡ ಚಾಚಿ

ಚಾಚಿಯ ಬಲಗೈಯ ನಡುಬೆರಳ ತುದಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಕೊಪ್ಪಳದಲ್ಲಿ ನಮ್ಮ ಗೋಡೆಗೆ ಹೊಂದಿಕೊಂಡ ಮನೆ ಅವರದು. ಹಳೆಯ ಸೀರೆ, ಧೋತರ ಕೊಟ್ಟರೆ ಕೌದಿ ಹೊಲಿದುಕೊಡುತ್ತಿದ್ದರು. ಪ್ರತಿ ಕೌದಿಯ ಮೂಲೆಯಲ್ಲೂ ಒಂದು ಮೀನು ಇರಲೇಬೇಕು. ಹಸಿರು ಮೈ, ಗುಲಾಬಿ ಅಂಚು, ಗಿಳಿಯ ಕೊಕ್ಕಿನಂಥ ಬಾಯಿ.

ಗಂಡನ ಜೊತೆ ಹಜ್‌ಗೆ ಹೋಗಿಬಂದವರು ಅವರು. ಜಿದ್ದಾದ ಹತ್ತಿರ ಹಡಗನ್ನು ದೂರದಲ್ಲೇ ನಿಲ್ಲಿಸಿ, ಜನರನ್ನು ದೋಣಿಗೆ ಇಳಿಸಿದರಂತೆ. ಕೆಳಗೆ ತಿಳಿನೀರಿನಲ್ಲಿ ಹವಳದ ದಿಬ್ಬ, ಅದಕ್ಕೆ ಬಾಯಿ ಹಚ್ಚಿದ ಈ ಮೀನುಗಳು.

“ಕಲ್ಲು ಕಡೀತಾವ ನೋಡವ್ವ. ಕಟ್ ಕಟ್ ಅನ್ನೂದು ದೋಣಿಗೆ ಕೇಳಸ್ತೈತಿ. ತಿಂದು ಹಿಂದಿಂದ ಬಿಳಿ ಉಸುಕು ಬಿಡ್ತಾವ,” ಎನ್ನುತ್ತ ಆ ಗಟ್ಟಿ ಬೆರಳಿನಿಂದ ಒಳಕಲ್ಲು ಕುಟ್ಟಿ ತೋರಿಸುವರು. ರಾತ್ರಿಯಾದರೆ ಆ ಮೀನು ತನ್ನದೇ ಲೋಳೆಯಿಂದ ಚೀಲ ಮಾಡಿಕೊಂಡು ಅದರೊಳಗೆ ಮಲಗುತ್ತದೆ ಎಂದೂ ಹೇಳುತ್ತಿದ್ದರು. ಆದರೆ, “ಇದು ದೋಣಿಯಂವ ಹೇಳಿದ್ದು, ನಾ ನೋಡಿಲ್ಲ,” ಎಂದು ಸೇರಿಸದೆ ಬಿಡುತ್ತಿರಲಿಲ್ಲ.

ಕೆರೆಯ ಮೀನನ್ನಷ್ಟೇ ಕಂಡ ಓಣಿ ನಮ್ಮದು, ನಗದೆ ಇದ್ದೀತೇ? ಸುಳ್ಳೇಕೆ ಹೇಳಲಿ, ನಾನೂ ನಗುತ್ತಿದ್ದೆ.

ಒಮ್ಮೆ ಹತ್ತಿರದ ಊರು ತಳಕಲ್ಲಿನ ವ್ಯಾಪಾರಸ್ಥರ ಮನೆಗೆ ಬಾಣಂತಿಯ ಕೌದಿ ಒಯ್ದಾಗ ನಾನೂ ಜೊತೆಗಿದ್ದೆ. ಚಾಚಿ ಅಲ್ಲಿಯೂ ಮೀನಿನ ಕತೆ ಹೇಳಿದರು. ಆ ಮನೆಯ ಹಿರಿಯಾಕೆ ಮೀನಿನ ಮೇಲೆ ಬೆರಳಿಟ್ಟು, “ಹಜ್ ಮಾಡಿಬಂದಾಕಿ ಹಿಂಗ ಸುಳ್ಳು ಹೇಳಬಾರದವ್ವ. ಚ್ಯಾಷ್ಟಿಗೆ ಅಂದಿದ್ದೆ ಅನ್ನು, ಕೌದಿ ಇಟ್ಕೋತೀನಿ,” ಎಂದರು. ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಹಜ್ ಮಾಡಿದವರು ಸುಳ್ಳಾಡಿದರೆ ಆ ಯಾತ್ರೆಯೇ ವ್ಯರ್ಥ ಎಂದು ನಂಬಿದವರು ಚಾಚಿ. ಅವರ ಮುಖ ಕಪ್ಪಿಟ್ಟಿತು.

“ಚೀಲದ್ದು ಬೇಕಾದ್ರ ಬಿಡ್ರಿ, ಅದು ಕೇಳಿದ ಮಾತು. ಕಲ್ಲು ತಿನ್ನೂದು ಈ ಕಣ್ಣಿಲೆ ನೋಡೇನ್ರಿ. ಅದು ಇಲ್ಲಂದ್ರ ನನ್ನ ಹಜ್ಜೂ ಇಲ್ಲಂದಂಗ.”

ಕೌದಿ ಮಡಚಿಕೊಂಡು ಎದ್ದೇಬಿಟ್ಟರು. ಮನೆಗೆ ಬಂದು ಅದನ್ನು ನನ್ನ ಹೆಗಲಿಗೆ ಹಾಕಿ, “ನೀನರ ಹೊದ್ಕೋ,” ಎಂದರು. ಅಂದಿಗೆ ನನ್ನ ನಗು ನಿಂತಿತು.

ಮುಂದೆ ಹೈದರಾಬಾದಿಗೆ ಓದಲು ಹೋದೆ. ಕಾಲೇಜಿನ ಪುಸ್ತಕದಲ್ಲಿ ಅದೇ ಕೊಕ್ಕು! ಹವಳದ ಕಲ್ಲನ್ನು ಕಡಿದು, ಅರೆದು, ಉಸುಕಾಗಿ ಹೊರಹಾಕುತ್ತದೆ ಎಂದು ಬರೆದಿತ್ತು. ಚೀಲದ ಸುದ್ದಿ ಇರಲಿಲ್ಲ. ನಮ್ಮ ಓಣಿಯ ಕೌದಿಯ ಮೀನು ಹೈದರಾಬಾದಿನ ಪುಸ್ತಕದಲ್ಲಿ! ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ರಜೆಗೆ ಬಂದವಳೇ ಓಡಿಹೋಗಿ ಹೇಳಿದೆ. ಚಾಚಿ ಸೂಜಿಯಿಂದ ಕಣ್ಣೆತ್ತಲಿಲ್ಲ.

“ಪುಸ್ತಕದಂವ ಈಗ ನೋಡ್ಯಾನೇನು? ನಾ ಆಗಲೇ ನೋಡೇನಿ.”

“ತಳಕಲ್ಲಿಗೆ ಹೇಳಿ ಕಳಸಲೇನ್ರಿ ಚಾಚಿ?”

“ಯಾಕ? ನಾ ಆವತ್ತೇ ಹೇಳೇನಲ್ಲ.”

ಕೆಲವು ವರ್ಷಗಳಲ್ಲಿ ಚಾಚಿ ತೀರಿಕೊಂಡರು. ನಾನು ಪ್ರಾಣಿಶಾಸ್ತ್ರ ಕಲಿಸುವ ಶಿಕ್ಷಕಿಯಾದ ಮೇಲೆ ಬಂದ ಹೊಸ ಪುಸ್ತಕವೊಂದರಲ್ಲಿ ಆ ಲೋಳೆಯ ಚೀಲವೂ ಇತ್ತು. ದೋಣಿಯವನೂ ಸುಳ್ಳು ಹೇಳಿರಲಿಲ್ಲ. ಓಡಿಹೋಗಿ ಹೇಳಲು ಯಾರೂ ಉಳಿದಿರಲಿಲ್ಲ. ಕೌದಿ ತೆಗೆದು, ಮೀನಿನ ಸುತ್ತ ಚೀಲ ಹೊಲಿಯೋಣವೆಂದು ಸೂಜಿಗೆ ಬಿಳಿ ದಾರ ಪೋಣಿಸಿದೆ. ಹೊಲಿಯಲಿಲ್ಲ. ನಾನೂ ಅದನ್ನು ಕಣ್ಣಾರೆ ನೋಡಿಲ್ಲವಲ್ಲ.